ಹತ್ತನೇ ನಂಬರಿನ ಪಾಲು

ಅಣ್ಣತಮ್ಮಂದಿರು ಅಪ್ಪನ ಫೋಟೋ ಸ್ಟುಡಿಯೋ ಪಾಲು ಮಾಡಿಕೊಂಡಾಗ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ನೋಡಿಕೊಂಡರು. ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ಲೈಟುಗಳು ಅವನಿಗೊಂದು, ಇವನಿಗೊಂದು. ಹಿಂದೆ ತೂಗುಹಾಕುವ ಪರದೆಗಳಲ್ಲಿ ನೀಲಿ ಅಣ್ಣನಿಗೆ, ಬಿಳಿ ತಮ್ಮನಿಗೆ ಎಂದು ಮೊದಲು ತೀರ್ಮಾನವಾಯಿತು. ಅದೂ ಸರಿಬರದೆ ಎರಡನ್ನೂ ಉದ್ದಕ್ಕೆ ಕತ್ತರಿಸಿ ಅರ್ಧರ್ಧ ಹಂಚಿಕೊಂಡರು. ಈಗ ಆ ಎರಡು ಅಂಗಡಿಗಳಲ್ಲಿ ದಪ್ಪಗಿದ್ದವರು ಫೋಟೋ ತೆಗೆಸಿಕೊಂಡರೆ ಭುಜದ ಪಕ್ಕದಲ್ಲಿ ಗೋಡೆ ಕಾಣುತ್ತದೆ. ತೀರಿಹೋದ ಅಪ್ಪನ ಫೋಟೋ ಒಂದೇ ಇತ್ತು. ಅದನ್ನು ಸ್ಕ್ಯಾನ್ ಮಾಡಿ ಎರಡು ಪ್ರಿಂಟ್ ತೆಗೆದು, ಅಸಲಿ ಯಾರಿಗೆ ಎಂಬ ಜಗಳ ಬೇಡವೆಂದು ಅಸಲಿಯನ್ನು ಅಕ್ಕನ ಮನೆಗೆ ಕಳಿಸಿದರು. ಕಂಪ್ಯೂಟರೂ ಒಂದೇ ಇತ್ತು. ಅಂಥದ್ದೇ ಇನ್ನೊಂದನ್ನು ಹುಡುಕಿ ತಂದು, ಮಾರಿದವನಿಗೆ ಇಬ್ಬರೂ ಎದುರು ನಿಂತು, "ಅದರಲ್ಲಿ ಏನಿದೆಯೋ ಅಷ್ಟೂ ಇದರಲ್ಲಿ ಇರಬೇಕು. ಒಂದು ಚುಕ್ಕಿ ಆಚೀಚೆ ಆಗಬಾರದು," ಎಂದು ತಾಕೀತು ಮಾಡಿದರು. ಅವನು ಪಾಪ, ಹೇಳಿದ್ದನ್ನು ಹೇಳಿದಂತೆ ಮಾಡಿಕೊಟ್ಟ. ಅನಾಹುತವಾದದ್ದು ಅಲ್ಲೇ.

ಪಾಲಾಗದೆ ಉಳಿದದ್ದು ಫೋಟೋ ಪ್ರಿಂಟರು ಮಾತ್ರ. ಅಲಮಾರಿಯಷ್ಟು ದೊಡ್ಡದು. ಇನ್ನೊಂದು ಕೊಳ್ಳುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಇದ್ದದ್ದನ್ನು ಪರದೆಯಂತೆ ಕತ್ತರಿಸುವ ಹಾಗೂ ಇರಲಿಲ್ಲ. ಹಾಗಾಗಿ ಹಿಂದಿನ ಸಣ್ಣ ಕೋಣೆಯಲ್ಲಿ ಅದನ್ನು ಇದ್ದಲ್ಲೇ ಬಿಟ್ಟು, ಆ ಕೋಣೆಗೆ ಎರಡೂ ಅಂಗಡಿಯಿಂದ ಒಂದೊಂದು ಬಾಗಿಲು ಇಟ್ಟುಕೊಂಡರು. ಎರಡೂ ಕಡೆಯಿಂದ ಒಂದೊಂದು ಕೇಬಲ್ ಅದಕ್ಕೆ ಬಂದು ಸೇರಿತು.

ಆದರೆ ಆ ಪ್ರಿಂಟರು ಸಿಕ್ಕಸಿಕ್ಕವರ ಮಾತು ಕೇಳುವ ಜಾತಿಯದಲ್ಲ. ಕೇಬಲ್ಲಿನಲ್ಲಿರುವ ಪ್ರತಿ ಕಂಪ್ಯೂಟರಿಗೂ ಮನೆ ನಂಬರಿನ ಹಾಗೆ ಒಂದು ಐಪಿ ವಿಳಾಸ ಇರುತ್ತದೆ. ಮೊದಲ ಅಂಕಿಗಳು ಬೀದಿಯ ಹೆಸರಿನಂತೆ ಎಲ್ಲಕ್ಕೂ ಒಂದೇ. ಕೊನೆಯದು ಮಾತ್ರ ಬೇರೆ ಬೇರೆ. ಅಪ್ಪನ ಕಂಪ್ಯೂಟರಿನ ಕೊನೆಯ ಅಂಕಿ ಹತ್ತು. ಅಪ್ಪ ಯಾರನ್ನೂ ನಂಬದ ಮನುಷ್ಯ. ಕಂಡವರು ಬಂದು ಕಾಗದ ಹಾಳು ಮಾಡಿಯಾರೆಂದು, ಹತ್ತನೇ ನಂಬರು ಬಿಟ್ಟು ಇನ್ನಾರು ಹೇಳಿದರೂ ಪ್ರಿಂಟ್ ಮಾಡಕೂಡದೆಂದು ಆ ಪ್ರಿಂಟರಿಗೆ ಕಟ್ಟಪ್ಪಣೆ ಮಾಡಿಟ್ಟಿದ್ದರು. ಅಪ್ಪಣೆ ಬದಲಿಸುವ ಪಾಸ್‌ವರ್ಡು ಅವರ ಜೊತೆಗೇ ಹೋಯಿತು. ಪ್ರಿಂಟರು ಮಾಡಿದ ಕಂಪನಿ ಅದಕ್ಕೂ ಮೊದಲೇ ಬಾಗಿಲು ಹಾಕಿಕೊಂಡಿತ್ತು.

ಈಗ ಕಂಪ್ಯೂಟರು ಎರಡು, ಒಂದು ಚುಕ್ಕಿ ಆಚೀಚೆ ಇಲ್ಲ, ಎರಡರ ನಂಬರೂ ಹತ್ತು. ಬೆಳಗ್ಗೆ ಯಾರದ್ದು ಮೊದಲು ಹೊತ್ತಿಕೊಳ್ಳುತ್ತದೋ ಅದು ಹತ್ತರಲ್ಲಿ ಕೂತುಬಿಡುತ್ತಿತ್ತು. ಎರಡನೆಯವನ ಕಂಪ್ಯೂಟರಿನ ಪರದೆಯ ಮೇಲೆ, ಈ ವಿಳಾಸದಲ್ಲಿ ಆಗಲೇ ಬೇರೊಬ್ಬರಿದ್ದಾರೆ ಎಂಬ ಹಳದಿ ಎಚ್ಚರಿಕೆ ಬಂದು, ಆ ದಿನವಿಡೀ ಅವನಿಗೆ ಪ್ರಿಂಟರಿಲ್ಲ.

ಇದು ತಿಳಿದ ಮೇಲೆ ಕೇಳಬೇಕೆ? ಒಬ್ಬ ಎಂಟಕ್ಕೆ ಅಂಗಡಿ ತೆರೆದರೆ ಇನ್ನೊಬ್ಬ ಏಳಕ್ಕೆ ಬಂದ. ಅವನು ಏಳಕ್ಕೆ ಬಂದದ್ದು ನೋಡಿ ಇವನು ಆರೂವರೆಗೆ. ತಮ್ಮ ಜಾಣತನ ಮಾಡಿ ಒಂದು ವಾರ ಕಂಪ್ಯೂಟರು ಆರಿಸದೆಯೇ ಮನೆಗೆ ಹೋದ; ಅಣ್ಣ ಬೆಳಗ್ಗೆ ಬಂದವನೇ ಹಿಂದಿನ ಕೋಣೆಯಲ್ಲಿದ್ದ ಮೇನ್ ಸ್ವಿಚ್ಚನ್ನು ಒಮ್ಮೆ ಕೆಳಗಿಳಿಸಿ ಮೇಲೇರಿಸಿದ, ತಮ್ಮನ ಕಂಪ್ಯೂಟರು ಆರಿಹೋಗಿ ಲೆಕ್ಕ ಸರಿಹೋಯಿತು. ಕೊನೆಗೆ ಪೇಪರು ಹಾಕುವವನಿಗಿಂತ ಮುಂಚೆ ಇವರ ಷಟರಿನ ಸದ್ದು ಬೀದಿಗೆ ಕೇಳತೊಡಗಿತು.

"ಇಷ್ಟು ಬೇಗ ಎದ್ದು ನೀವು ಯಾವ ಪರೀಕ್ಷೆಗೂ ಓದಲಿಲ್ಲವಂತೆ, ಅತ್ತೆ ಹೇಳ್ತಿದ್ರು," ಎಂದಳು ದೊಡ್ಡವನ ಹೆಂಡತಿ. ಅವನು ಕೇಳಿಸದವನಂತೆ ಚಪ್ಪಲಿ ಮೆಟ್ಟಿ ಹೊರಟ.

ದೊಡ್ಡವನು ಹಿಡಿದ ಪಟ್ಟು ಬಿಡುವವನಲ್ಲ. ತಮ್ಮ ಅವನಿಗೆ ತಕ್ಕ ತಮ್ಮ. ಮೊದಲು ಅಣ್ಣ ಕ್ಯಾಮೆರಾ ಹಿಡಿಯುತ್ತಿದ್ದ, ತಮ್ಮ ಕಂಪ್ಯೂಟರು, ಕೌಂಟರು, ಗಿರಾಕಿ ಎಲ್ಲ ನೋಡಿಕೊಳ್ಳುತ್ತಿದ್ದ. ಪಾಲಿನ ದಿನ ಮಾತಿಗೆ ಮಾತು ಬೆಳೆದು, ಬೆರಳು ಒತ್ತಿದ್ದು ಬಿಟ್ಟರೆ ನೀನು ಮಾಡಿದ್ದೇನು ಎಂದು ತಮ್ಮ ಅಂದ. ನಾನು ತೆಗೆದ ಫೋಟೋ ಮಾರಿ ತಿಂದವನು ನೀನು ಎಂದು ಅಣ್ಣ ಅಂದ. ಅವತ್ತಿನಿಂದ ಮಾತಿಲ್ಲ. ಆಡಿದ ಮೇಲೆ ಇಬ್ಬರಿಗೂ ನಾಲಗೆ ಕಚ್ಚಿಕೊಳ್ಳುವಂತಾಯಿತು, ಆದರೆ ಮೊದಲು ಬಾಯಿ ಬಿಡುವವರು ಯಾರು? ನಿಜ ಹೇಳಬೇಕೆಂದರೆ ದೊಡ್ಡವನಿಗೆ ಪ್ರಿಂಟರು ಅಷ್ಟೊಂದು ಬೇಕಾಗಿರಲಿಲ್ಲ. ತಮ್ಮ ಆ ಬಾಗಿಲಲ್ಲಿ ಬಂದು ನಿಂತು, ಅಣ್ಣಾ, ಒಂದು ಪ್ರಿಂಟ್ ಹಾಕಿಕೊಡು ಎಂದು ಒಂದು ಸಲ ಕೇಳಬೇಕು, ಅಷ್ಟು ಸಾಕಿತ್ತು. ಅದಕ್ಕಾಗಿ ತಿಂಗಳುಗಟ್ಟಲೆ ಕತ್ತಲಲ್ಲಿ ಎದ್ದು ಬಂದಿದ್ದ. ತಮ್ಮ ಕೇಳಲಿಲ್ಲ. ಇತ್ತ ದಿನ ಬಿಟ್ಟು ದಿನ ಪ್ರಿಂಟ್ ಆಗದ ಸ್ಟುಡಿಯೋಗಳನ್ನು ನೆಚ್ಚಿಕೊಳ್ಳುವವರು ಯಾರು? ಗಿರಾಕಿಗಳು ಒಬ್ಬೊಬ್ಬರಾಗಿ ದೊಡ್ಡ ರಸ್ತೆಯ ಹೊಸ ಅಂಗಡಿಯ ಕಡೆ ತಿರುಗಿದರು. ಹೀಗೇ ನಡೆದರೆ ವರ್ಷ ತಿರುಗುವುದರೊಳಗೆ ಎರಡೂ ಷಟರು ಬೀಳುವುದು ಖಂಡಿತ, ಆಮೇಲೆ ಕೇಳಲು ಬಾಗಿಲೂ ಇರುವುದಿಲ್ಲ ಎಂಬುದು ದೊಡ್ಡವನಿಗೆ ಗೊತ್ತಿತ್ತು.

ಕೊನೆಗೆ ಅವನ ಹೆಂಡತಿಯೇ ಬೇಸತ್ತು ಕೇಬಲ್ ಮೇಷ್ಟ್ರಿಗೆ ಫೋನ್ ಮಾಡಿದಳು. ಮೇಷ್ಟ್ರು ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ನಿವೃತ್ತರಾದ ಮೇಲೆ ಅಂಗಡಿ ಆಫೀಸುಗಳ ನೆಟ್‌ವರ್ಕ್ ಸರಿಮಾಡಿಕೊಡುತ್ತಿದ್ದರು. ಕೆಲಸ ಬದಲಾದರೂ ಪಾಠ ಮಾಡುವ ಚಟ ಬಿಟ್ಟಿರಲಿಲ್ಲ. ಬಂದವರು ಹಿಂದಿನ ಕೋಣೆಯ ಎರಡೂ ಬಾಗಿಲು ತೆರೆಸಿ, ಅಣ್ಣನನ್ನು ಈ ಹೊಸ್ತಿಲಲ್ಲಿ, ತಮ್ಮನನ್ನು ಆ ಹೊಸ್ತಿಲಲ್ಲಿ ನಿಲ್ಲಿಸಿ, ತಾವು ಪ್ರಿಂಟರಿಗೆ ಒರಗಿ ನಿಂತರು. ಇಬ್ಬರೂ ಮೇಷ್ಟ್ರನ್ನು ನೋಡುತ್ತಿದ್ದರೇ ಹೊರತು ಒಬ್ಬರನ್ನೊಬ್ಬರು ನೋಡಲಿಲ್ಲ.

"ಇದು ಮೂರನೇ ಕ್ಲಾಸಿನ ಲೆಕ್ಕ," ಎಂದರು ಮೇಷ್ಟ್ರು. "ಒಬ್ಬರು ಹತ್ತರಲ್ಲೇ ಇರಿ. ಇನ್ನೊಬ್ಬರು ಹನ್ನೊಂದಕ್ಕೆ ಹೋಗಿ. ಹನ್ನೊಂದರವರು ತಮ್ಮ ಫೋಟೋನ ಹತ್ತಕ್ಕೆ ಕಳಿಸೋದು, ಹತ್ತರವರು ಅದನ್ನ ಪ್ರಿಂಟರಿಗೆ ಕೊಡೋದು. ಮುಗೀತು."

ಮೇಷ್ಟ್ರು ಮುಗೀತು ಅಂದಲ್ಲೇ ಇವರ ತಾಪತ್ರಯ ಶುರುವಾಗುತ್ತಿತ್ತು. ಹನ್ನೊಂದಕ್ಕೆ ಹೋದವನು ಪ್ರತಿ ಫೋಟೋಗೂ ಹತ್ತರವನ ಮುಂದೆ ಕೈ ಚಾಚಬೇಕಲ್ಲ.

"ಯಾರು ಹೋಗ್ತೀರಿ?"

ಅಣ್ಣ ತನ್ನ ಕಡೆಯ ಸೂರು ನೋಡಿದ, ತಮ್ಮ ತನ್ನ ಕಡೆಯ ನೆಲ ನೋಡಿದ.

"ಸರಿ ಬಿಡಿ. ನಾನಂತೂ ಯಾರ ಕಂಪ್ಯೂಟರಿಗೂ ಕೈ ಹಾಕಲ್ಲ. ನಾಳೆ ದಿನ ಮೇಷ್ಟ್ರು ಅವನ ಕಡೆ ಅಂತೀರಿ. ನಾನು ಪಾಠ ಹೇಳ್ತೀನಿ, ಇಬ್ಬರೂ ಕೇಳಿಸ್ಕೊಳ್ಳಿ. ಯಾರಿಗೆ ಮೊದಲು ಬುದ್ಧಿ ಬರುತ್ತೋ ಅವರು ಮಾಡಿ."

ನಂಬರು ಬದಲಿಸಲು ಸೆಟ್ಟಿಂಗ್ಸ್ ತೆರೆದರೆ ಅಪ್ಪನ ಆ ಹಳೇ ಕಂಪ್ಯೂಟರು ಬಿಳುಚಿಕೊಂಡು ನಿಂತೇಬಿಡುತ್ತಿತ್ತು. ಚುಕ್ಕಿ ತಪ್ಪದೆ ನಕಲು ಮಾಡಿದ್ದರಿಂದ ಹೊಸದಕ್ಕೂ ಅದೇ ರೋಗ. ಹಾಗಾಗಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯೊಳಗೆ ಆಜ್ಞೆ ಬರೆದೇ ಬದಲಿಸಬೇಕು, ಬೇರೆ ದಾರಿ ಇಲ್ಲ ಎಂದರು ಮೇಷ್ಟ್ರು. "ಎನ್ ಇ ಟಿ ಎಸ್ ಎಚ್. ಜಾಗ ಬಿಡಿ. ಇಂಟರ್‌ಫೇಸ್. ಜಾಗ ಬಿಡಿ. ಐಪಿ. ಸೆಟ್. ಅಡ್ರೆಸ್. ಆಮೇಲೆ ನಿಮ್ಮ ಕನೆಕ್ಷನ್ನಿನ ಹೆಸರು, ಈಥರ್‌ನೆಟ್. ಆಮೇಲೆ ಸ್ಟ್ಯಾಟಿಕ್, ಅಂದ್ರೆ ಕೂತಲ್ಲೇ ಕೂತಿರು, ಅಲ್ಲಾಡಬೇಡ ಅಂತ. ಕೊನೇಲಿ ಹೊಸ ವಿಳಾಸ. ಎಲ್ಲ ಮೊದಲಿನ ಹಾಗೇ, ಹತ್ತು ಇದ್ದಲ್ಲಿ ಹನ್ನೊಂದು. ಎಲ್ಲಿ, ಹೇಳಿ ನೋಡೋಣ."

ಐವತ್ತು ದಾಟಿದ ಅಣ್ಣನೂ ಅದರ ಹತ್ತಿರ ಬಂದಿದ್ದ ತಮ್ಮನೂ ಎರಡು ಬಾಗಿಲಲ್ಲಿ ನಿಂತು, ಎನ್ ಇ ಟಿ ಎಸ್ ಎಚ್ ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ಮೇಷ್ಟ್ರು ಮೂರು ಸಲ ಹೇಳಿಸಿದರು. ಜೊತೆಗೆ ಪಿಂಗ್ ಎಂಬುದನ್ನೂ ಕಲಿಸಿದರು. ಪಿಂಗ್ ಅಂತ ಬರೆದು ಮುಂದೆ ಒಂದು ವಿಳಾಸ ಕೊಟ್ಟರೆ ಆ ಮನೆಯ ಬಾಗಿಲು ತಟ್ಟಿದಂತೆ. ಒಳಗೆ ಯಾರಾದರೂ ಇದ್ದರೆ ಉತ್ತರ ಬರುತ್ತದೆ, ಇಲ್ಲದಿದ್ದರೆ ಕಾದು ಕಾದು ಸುಮ್ಮನಾಗುತ್ತದೆ. ಇಷ್ಟು ಹೇಳಿ, ಕೊಟ್ಟ ಚಹಾ ಕುಡಿದು ಹೋದರು.

ಯಾರಿಗೂ ಬುದ್ಧಿ ಬರಲಿಲ್ಲ. ಷಟರುಗಳು ಮೊದಲಿನಂತೆಯೇ ನಸುಕಿನಲ್ಲಿ ಏಳುತ್ತಿದ್ದವು.

ಹೀಗಿರುವಾಗ ಒಂದು ದಿನ ಹತ್ತು ಅಣ್ಣನ ಪಾಲಿಗೆ ಬಂದಿತ್ತು. ಮಧ್ಯಾಹ್ನಕ್ಕೆ ಮುಂಚೆ ತಮ್ಮನ ಅಂಗಡಿಗೆ ಯಾರೋ ಬಂದ ಸದ್ದಾಯಿತು. ಪ್ಲೈವುಡ್ ಗೋಡೆ ಕಣ್ಣನ್ನು ತಡೆಯುತ್ತಿತ್ತೇ ಹೊರತು ಕಿವಿಯನ್ನಲ್ಲ. ಹೆಂಗಸಿನ ದನಿ, ಗಡುಸು. ಪಾಸ್‌ಪೋರ್ಟಿಗೆ ಫೋಟೋ ಬೇಕು, ಈಗಲೇ ಬೇಕು, ನಾಳೆ ಬಾ ಅನ್ನಬೇಡ. ದೊಡ್ಡವನಿಗೆ ಒಳಗೊಳಗೇ ಖುಷಿಯಾಯಿತು. ಈಗ ಏನು ಮಾಡುತ್ತಾನೆ ನೋಡೋಣ, ಈ ಬಾಗಿಲಿಗೆ ಬರಲೇಬೇಕು ಎಂದು ಕಿವಿ ನಿಮಿರಿಸಿ ಕೂತ.

ತಮ್ಮ ಆ ಬಾಗಿಲಿಗೆ ಬರಲಿಲ್ಲ. ದನಿ ತಗ್ಗಿಸಿ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಆ ಹೆಂಗಸೇ ಬೀದಿ ಬಾಗಿಲಿನಿಂದ ದೊಡ್ಡವನ ಅಂಗಡಿಯೊಳಗೆ ಬಂದರು. ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅಜ್ಜಿ. ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿ, "ಬೇಗ ತೆಗಿ," ಎಂದರು.

"ಪಕ್ಕದಲ್ಲಿ ಆಗ್ಲಿಲ್ವಾ?" ಎಂದು ದೊಡ್ಡವನು ಏನೂ ತಿಳಿಯದವನಂತೆ ಕೇಳಿದ.

"ಅವನೇ ಕಳಿಸಿದ್ದು. ನಾನು ದೊಡ್ಡ ರಸ್ತೆ ಅಂಗಡಿಗೆ ಹೋಗ್ತೀನಿ ಅಂದೆ. ಬೇಡಮ್ಮಾ, ಪಕ್ಕದಲ್ಲಿ ನಮ್ಮಣ್ಣ ಇದಾನೆ, ಮುಖ ನೋಡಿ ಫೋಟೋ ತೆಗೆಯೋದು ಅವನಿಗೊಬ್ಬನಿಗೇ ಬರೋದು, ನಮಗೆಲ್ಲ ಬರೀ ಬೆರಳು ಒತ್ತೋದಷ್ಟೇ ಗೊತ್ತು ಅಂದ. ಅಂಥದ್ದೇನು ನೀನು ತೆಗೆಯೋದು, ನೋಡೇಬಿಡೋಣ."

ದೊಡ್ಡವನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ತಮ್ಮ ಬಂದು ಕೇಳಲಿ ಎಂದು ತಾನು ಇಲ್ಲಿ ಕಾದು ಕೂತಿದ್ದರೆ, ಅವನು ಕೈಗೆ ಬಂದ ಗಿರಾಕಿಯನ್ನೇ ಎತ್ತಿ ಈ ಕಡೆ ಕಳಿಸಿದ್ದ. ಅದೂ ಹೊಗಳಿ ಕಳಿಸಿದ್ದ. ಅಜ್ಜಿಯ ಫೋಟೋ ತೆಗೆದು, ಪ್ರಿಂಟ್ ಹಾಕಿ ಕೊಟ್ಟ. ಅಜ್ಜಿ ಕನ್ನಡಕ ಏರಿಸಿ ನೋಡಿ, "ಪರವಾಗಿಲ್ಲ, ನಿನ್ನ ತಮ್ಮ ಸುಳ್ಳು ಹೇಳಿಲ್ಲ," ಎಂದು ಎದ್ದು ಹೋದರು.

ಊಟದ ಡಬ್ಬಿ ತೆರೆದ, ಸೇರಲಿಲ್ಲ, ಮುಚ್ಚಿಟ್ಟ. ಬೀದಿ ಮಧ್ಯಾಹ್ನದ ಬಿಸಿಲಿಗೆ ಖಾಲಿಯಾಗಿತ್ತು. ದೊಡ್ಡವನು ಕಂಪ್ಯೂಟರಿನ ಮುಂದೆ ಕೂತು, ಕನ್ನಡಕ ಒರೆಸಿಕೊಂಡು, ಕಪ್ಪು ಕಿಟಕಿ ತೆರೆದ. ಹತ್ತನ್ನು ಬಿಟ್ಟುಕೊಡುವುದು ಎಂದು ತೀರ್ಮಾನಿಸಿಯಾಗಿತ್ತು. ಅವನೇ ಹತ್ತರಲ್ಲಿರಲಿ. ಪ್ರಿಂಟ್ ಬೇಕಾದಾಗ ನಾನೇ ಹೋಗಿ ಕೇಳುತ್ತೇನೆ, ಚಿಕ್ಕವನ ಹತ್ತಿರ ಕೇಳಿದರೆ ಮೀಸೆಯೇನೂ ಉದುರುವುದಿಲ್ಲ.

ಎನ್ ಇ ಟಿ ಎಸ್ ಎಚ್. ಒಂದೊಂದೇ ಅಕ್ಷರವನ್ನು ಕೀಬೋರ್ಡಿನ ಮೇಲೆ ಹುಡುಕಿ ಹುಡುಕಿ ಒತ್ತಿದ. ಸ್ಟ್ಯಾಟಿಕ್ ಬರೆಯುವಾಗ ಒಂದು ಅಕ್ಷರ ನುಂಗಿದ್ದಕ್ಕೆ ಕಿಟಕಿ ಗದರಿತು, ಸರಿಮಾಡಿದ. ಮತ್ತೆ ಎಂಟರ್ ಒತ್ತಿದರೆ, ಇದಕ್ಕೆ ನಿನಗೆ ಅಧಿಕಾರವಿಲ್ಲ, ಕಂಪ್ಯೂಟರಿನ ಯಜಮಾನನಾಗಿ ಬಾ ಎಂಬರ್ಥದ ಸಾಲು ಬಂತು. ದೊಡ್ಡವನಿಗೆ ಆ ಸಂಕಟದಲ್ಲೂ ನಗು ಬಂತು. ಯಜಮಾನಿಕೆ ಬಿಟ್ಟುಕೊಡಲು ಹೊರಟವನಿಗೆ ಮೊದಲು ಯಜಮಾನನಾಗು ಅನ್ನುತ್ತದಲ್ಲ ಈ ಪೆಟ್ಟಿಗೆ! ಕಿಟಕಿ ಮುಚ್ಚಿ, ಮೌಸಿನ ಬಲಗಡೆಯ ಗುಂಡಿ ಒತ್ತಿ, ಯಜಮಾನನಾಗಿ ತೆರೆದು, ಎಲ್ಲವನ್ನೂ ಮೊದಲಿನಿಂದ ಬರೆದ. ಕೊನೆಯಲ್ಲಿ ಹತ್ತು ಇದ್ದಲ್ಲಿ ಹನ್ನೊಂದು. ಎಂಟರ್.

ಈ ಸಲ ಗದರಲಿಲ್ಲ. ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅದೇ ಹಳದಿ ಎಚ್ಚರಿಕೆ ಎದ್ದಿತು. ಈ ವಿಳಾಸದಲ್ಲಿ ಆಗಲೇ ಬೇರೊಬ್ಬರಿದ್ದಾರೆ.

ದೊಡ್ಡವನು ಎರಡು ಸಲ ಓದಿದ. ಹನ್ನೊಂದರಲ್ಲಿ ಬೇರೊಬ್ಬರು! ಇಡೀ ಕೇಬಲ್ಲಿನಲ್ಲಿ ಇರುವುದೇ ಇಬ್ಬರು. ಅಂದರೆ ತಮ್ಮನಿಗೆ ಹತ್ತೂ ಬೇಕು, ಹನ್ನೊಂದೂ ಬೇಕು. ಅಣ್ಣ ಹೋಗುವ ದಾರಿಯಲ್ಲೆಲ್ಲ ಮೊದಲೇ ಹೋಗಿ ಕೂತಿದ್ದಾನೆ. ಅಜ್ಜಿಯ ಮಾತಿಗೆ ಕರಗಿದ್ದ ಮನಸ್ಸು ಒಂದೇ ಕ್ಷಣಕ್ಕೆ ಕಲ್ಲಾಗಿ, ಮೇಷ್ಟ್ರಿಗೆ ಫೋನ್ ಹಚ್ಚಿದ.

"ನೋಡಿ ಮೇಷ್ಟ್ರೇ, ಅವನ ಬುದ್ಧಿ ನೋಡಿ! ಹನ್ನೊಂದನ್ನೂ ಹಿಡ್ಕೊಂಡು ಕೂತಿದಾನೆ. ನನಗೆ ನಿಲ್ಲೋಕೂ ಜಾಗ ಇಡಬಾರದು ಅಂತ ಮಾಡಿದಾನೆ."

"ಕೂಗಬೇಡಿ, ನನ್ನ ಕಿವಿ ಚೆನ್ನಾಗೇ ಇದೆ," ಎಂದರು ಮೇಷ್ಟ್ರು. "ಮೊದಲು ಹತ್ತಕ್ಕೆ ವಾಪಸ್ ಹೋಗಿ. ಅದೇ ಸಾಲು, ಕೊನೇಲಿ ಹತ್ತು."

ದೊಡ್ಡವನು ಸಿಟ್ಟಿನಲ್ಲಿ ಒತ್ತಿದ. ಹತ್ತು ಸುಮ್ಮನೆ ಸಿಕ್ಕಿತು. ಹಳದಿ ಏನೂ ಬರಲಿಲ್ಲ.

"ಈಗ ಹನ್ನೊಂದರ ಬಾಗಿಲು ತಟ್ಟಿ."

ಪಿಂಗ್ ಎಂದು ಬರೆದು ಹನ್ನೊಂದರ ವಿಳಾಸ ಕೊಟ್ಟ. ಕಪ್ಪು ಕಿಟಕಿಯಲ್ಲಿ ಉತ್ತರದ ಸಾಲುಗಳು ಒಂದರ ಕೆಳಗೊಂದು ಬಂದವು. ಹನ್ನೊಂದರಿಂದ ಉತ್ತರ. ಹನ್ನೊಂದರಿಂದ ಉತ್ತರ.

"ಇದಾನೆ ಮೇಷ್ಟ್ರೇ. ಹೇಳಿದ್ನಲ್ಲ."

"ಇದಾರೆ. ಸರಿ. ನಿಮ್ಮ ಎರಡು ಕಂಪ್ಯೂಟರಲ್ಲಿ ಒಂದೊಂದಕ್ಕೂ ಒಂದೇ ಮನೆ. ಹನ್ನೊಂದರಲ್ಲಿದಾರೆ ಅಂದ್ರೆ ಹತ್ತು ಬಿಟ್ಟು ಹೋಗಿದಾರೆ ಅಂತ ಅರ್ಥ. ಹಿಡ್ಕೊಂಡಿದ್ದಲ್ಲ, ಬಿಟ್ಟಿದ್ದು. ಅದಿರಲಿ, ನೀವ್ಯಾಕೆ ಹನ್ನೊಂದಕ್ಕೆ ಹೋದ್ರಿ?"

ದೊಡ್ಡವನು ಹನ್ನೊಂದರಿಂದ ಬಂದ ಉತ್ತರದ ಸಾಲುಗಳನ್ನು ಮತ್ತೆ ಓದಿದ. ಮೇಷ್ಟ್ರೇ ಮುಂದುವರಿಸಿದರು:

"ತಪ್ಪು ನಂದೇ. ನಿಮ್ಮಲ್ಲಿ ಒಬ್ಬರು ಸೋಲೋದೇ ಕಷ್ಟ ಅಂದ್ಕೊಂಡಿದ್ದೆ. ಇಬ್ಬರೂ ಸೋಲ್ತೀರಿ ಅಂತ ಗೊತ್ತಿದ್ರೆ ಹನ್ನೆರಡನ್ನೂ ಹೇಳ್ಕೊಡ್ತಿದ್ದೆ."

ಫೋನ್ ಇಟ್ಟ ಮೇಲೆ ದೊಡ್ಡವನು ಪರದೆ ನೋಡುತ್ತಾ ಕೂತ. ಬೇಕೆಂದದ್ದೆಲ್ಲ ಕೈಗೆ ಬಂದಿತ್ತು. ಹತ್ತು ಅವನದು, ಪೈಪೋಟಿಯಿಲ್ಲ. ತಮ್ಮ ಹನ್ನೊಂದರಲ್ಲಿ, ಇನ್ನು ಪ್ರತಿ ಪ್ರಿಂಟಿಗೂ ಬಂದು ಕೇಳಲೇಬೇಕು. ಗೆದ್ದವನಿಗೆ ಆಗಬೇಕಾದ ಸಂತೋಷ ಎಲ್ಲಿ ಹೋಯಿತೋ, ಅವನಿಗೆ ನಾಚಿಕೆಯಾಯಿತು.

ಹಿಂದಿನ ಕೋಣೆಯಲ್ಲಿ ಆ ಕಡೆಯ ಬಾಗಿಲು ತೆರೆದ ಸದ್ದು. ಪ್ರಿಂಟರಿನ ಪಕ್ಕದಲ್ಲಿ ಹಾದು ತಮ್ಮ ಈ ಕಡೆಯ ಹೊಸ್ತಿಲಿಗೆ ಬಂದ. ದಾಟಲಿಲ್ಲ, ಅಲ್ಲೇ ನಿಂತ. ತಿಂಗಳುಗಳ ಮೇಲೆ ಅವನನ್ನು ಎದುರಿನಿಂದ ನೋಡಿದ್ದು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ನನ್ನ ಸ್ಕ್ರೀನಲ್ಲೂ ಹಳದಿ ಬಂತು," ಎಂದ ತಮ್ಮ. "ಹನ್ನೊಂದನ್ನ ಯಾರೋ ಕೇಳ್ತಿದಾರೆ ಅಂತ. ನೀನೇನಾ?"

"ಇನ್ಯಾರು ಬರ್ತಾರೆ?"

"ಇವತ್ತು ಹತ್ತು ನಿನ್ನ ಹತ್ರಾನೇ ಇತ್ತಲ್ಲ. ಮತ್ಯಾಕೆ?"

"ನೀನ್ಯಾಕೆ ಹೋದೆ, ಮೊದಲು ಅದು ಹೇಳು."

ತಮ್ಮ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ಮೊನ್ನೆ ಬೆಳಗ್ಗೆ ನೀನು ಮೆಟ್ಟಿಲ ಮೇಲೆ ಕೂತು ನಿದ್ದೆ ಮಾಡಿಬಿಟ್ಟಿದ್ದೆ ನೋಡು, ಬೀಗದ ಕೈ ಹಿಡ್ಕೊಂಡು. ನಾನು ಆಗಲೇ ಬಂದಿದ್ದೆ. ಸದ್ದು ಮಾಡದೆ ನನ್ನ ಷಟರು ಎತ್ತಿ ಹೊತ್ತಿಸಬಹುದಿತ್ತು. ನಿನ್ನ ದಾಟ್ಕೊಂಡು ಹೋಗೋಕೆ ಕಾಲೇ ಬರ್ಲಿಲ್ಲ. ರಸ್ತೆ ಆ ಕಡೆ ಹೋಗಿ ನೀನು ಏಳೋ ತನಕ ನಿಂತಿದ್ದೆ."

ಆ ಬೆಳಗ್ಗೆ ದೊಡ್ಡವನಿಗೆ ನೆನಪಿತ್ತು. ಬೆಚ್ಚಿ ಎದ್ದು, ಓಡಿ ಒಳಗೆ ಹೋಗಿ, ಹತ್ತು ಸಿಕ್ಕಿದ್ದು ನೋಡಿ, ಇವತ್ತೂ ಮಲಗಿಬಿಟ್ಟ ಸೋಮಾರಿ ಎಂದು ತಮ್ಮನನ್ನು ಮನಸ್ಸಿನಲ್ಲೇ ಆಡಿಕೊಂಡು ನಕ್ಕಿದ್ದ. ಈಗ ಕಣ್ಣು ತುಂಬಿ ಬಂತು. ಮರೆಮಾಡಲು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದ. ಒರೆಸಿದಷ್ಟೂ ಮಂಜಾಯಿತು.

ಆ ಕಡೆಯ ಅಂಗಡಿಯಿಂದ ಹುಡುಗಿಯೊಬ್ಬಳ ದನಿ ಕೇಳಿತು. ಇನ್ನೂ ಎಷ್ಟು ಹೊತ್ತು, ನನಗೆ ಬಸ್ಸಿದೆ ಅನ್ನುತ್ತಿದ್ದಳು.

"ಕಾಲೇಜು ಹುಡುಗಿ," ಎಂದ ತಮ್ಮ. "ಗುರುತಿನ ಕಾರ್ಡಿಗೆ ಫೋಟೋ. ಆಗುತ್ತೆ ಅಂದ್ಬಿಟ್ಟಿದೀನಿ." ಆಮೇಲೆ, ಪ್ರಯತ್ನಪಟ್ಟು ಕಲಿತು ಬಂದವನಂತೆ ನೆಟ್ಟಗೆ ನಿಂತು ಶುರುಮಾಡಿದ: "ಅಣ್ಣಾ, ಒಂದು ಪ್ರಿಂಟ್ ಹಾಕಿ..."

"ಕೇಳಬೇಡ ಕಣೋ," ಎಂದ ದೊಡ್ಡವನು.

ಅಷ್ಟು ದಿನ ಕಾದಿದ್ದ ಮಾತು ಬಂದಾಗ ಅದನ್ನು ಕೊನೆಯವರೆಗೆ ಕೇಳುವುದು ಅವನಿಂದ ಆಗಲಿಲ್ಲ.

"ನೀನು ಯಾವತ್ತೂ ಕೇಳಬೇಡ. ಸುಮ್ಮನೆ ಕಳಿಸು. ಹೋಗು, ಹುಡುಗಿಗೆ ಬಸ್ ತಪ್ಪುತ್ತೆ."

ತಮ್ಮ ಹೋದ. ಸ್ವಲ್ಪ ಹೊತ್ತಿಗೆ ಹನ್ನೊಂದರಿಂದ ಒಂದು ಫೋಟೋ ಬಂತು. ಎರಡು ಜಡೆ ಹಾಕಿದ, ಬಸ್ಸಿನದೇ ಯೋಚನೆಯಲ್ಲಿದ್ದ ಮುಖ. ದೊಡ್ಡವನು ಕನ್ನಡಕ ಹಾಕಿಕೊಂಡು, ಒಂದಿಷ್ಟು ಬೆಳಕು ಸರಿಮಾಡಿ, ಪ್ರಿಂಟ್ ಒತ್ತಿದ.